ಬೋರಿಗೆ ಕೊಟ್ಟ ಎರಡು ಬಕೆಟ್ ಎಲೆ

ನ. 21, ಶುಕ್ರ

ಬೆಳಗಿನ ಕೊಟ್ಟಿಗೆ ಸೇವೆ ಮುಗಿಯಿತು. ಮೂವತ್ತು ವರ್ಷ ಸೂಪಿನಂಗಡಿಯಲ್ಲಿ ಹಂದಿಮೂಳೆ ಬೇಯಿಸಿದ ಕೈ, ಈಗ ಹಂದಿಯ ಹೊಟ್ಟೆ ಕೆರೆಯುತ್ತಿದೆ. ಪುಣ್ಯ ಬರುವ ಲಕ್ಷಣ ಇಲ್ಲ, ಬೆನ್ನುನೋವು ಬಂದಿದೆ.

ಬೋರಿ – ಇನ್ನೂರ ಹತ್ತು ಕಿಲೋ, ಕಸಾಯಿಖಾನೆಯ ಲಾರಿ ಮಗುಚಿದಾಗ ಉಳಿದುಕೊಂಡವಳು – ನಾನು ಕರೆದರೆ ಮಾತ್ರ ಏಳುತ್ತಾಳೆ. ಈ ಹಂದಿಗಳ ಆಶ್ರಯಧಾಮದ ಒಡತಿ ದಾಯುನ್‌ಗೆ ಹೊಟ್ಟೆಕಿಚ್ಚು.

"ಏನ್ ಮದ್ದು ಹಾಕಿದೀರಿ ಚಿಕ್ಕಮ್ಮ ಅವ್ಳಿಗೆ?"

"ಸೂಪಿನ ವಾಸನೆ ಕಣೇ. ಅವಳಜ್ಜಿ ನೆನಪಾಗ್ತಿರಬೇಕು."

ನಗಲಿಲ್ಲ ಹುಡುಗಿ.

ನ. 23, ಭಾನು

ಮನೆಯಲ್ಲಿ ಚಳಿಗಾಲದ ಕಿಮ್ಚಿ, ನಮ್ಮ ಎಲೆಕೋಸಿನ ಉಪ್ಪಿನಕಾಯಿ, ಹಾಕಿದೆವು. ಅರವತ್ತು ಎಲೆಕೋಸು, ನಾಲ್ವರು ಅಕ್ಕತಂಗಿಯರು, ಐದು ಅಭಿಪ್ರಾಯ. ಉಪ್ಪುನೀರಲ್ಲಿ ನೆನೆದ ಹೊರಎಲೆ ರಾಶಿ ಉಳಿಯಿತು. ಅದು ಹಂದಿಯ ಪಾಲು, ಅಮ್ಮನ ಕಾಲದಿಂದಲೂ. ಎರಡು ಬಕೆಟ್ ಹೊತ್ತು ಬಸ್ಸು ಹತ್ತಿದೆ.

ಧಾಮದ ಗೇಟಿನಲ್ಲಿ ಬೋರ್ಡು: "ಮನೆಯ ತಿಂಡಿ ತರಬೇಡಿ." ಹೊರಗಿನವರಿಗೆ ಇರಬೇಕೆಂದು ನನಗೆ ನಾನೇ ವಿನಾಯಿತಿ ಮಂಜೂರು ಮಾಡಿಕೊಂಡೆ. ದಾಯುನ್ ಊರಲ್ಲಿರಲಿಲ್ಲ. ಬೋರಿ ಬಕೆಟ್ಟಿನ ತಳವನ್ನೂ ನೆಕ್ಕಿದಳು.

ನ. 25, ಮಂಗಳ

ಬೋರಿ ಗೋಡೆಗೆ ಹಣೆ ಒತ್ತಿ ನಿಂತಿದ್ದಾಳೆ. ಕರೆದರೂ ತಿರುಗುವುದಿಲ್ಲ. ಡಾಕ್ಟರು ಬರಲು ಇನ್ನೂ ಎರಡು ತಾಸು ಬೇಕಂತೆ. ಫೋನಿನಲ್ಲೇ ಕೇಳಿದರು – "ಉಪ್ಪಿನದೇನಾದ್ರೂ ತಿಂದಿದ್ಯಾ?"

ದಾಯುನ್ ನನ್ನತ್ತ ನೋಡಿದಳು.

"ಹಿಂಡಿ, ಹುಲ್ಲು... ಇನ್ನೇನಿರತ್ತೆ," ಎಂದೆ. ಬೆರಳಲ್ಲಿ ಇನ್ನೂ ಕಿಮ್ಚಿಯ ಬೆಳ್ಳುಳ್ಳಿ ವಾಸನೆ.

ಆಮೇಲೆ ಕಂಡದ್ದು: ನಿನ್ನೆಯಿಂದ ಚಳಿಗೆ ಕೊಳವೆಯ ನೀರು ಹೆಪ್ಪುಗಟ್ಟಿ ತೊಟ್ಟಿಯಲ್ಲಿ ಹನಿ ನೀರಿಲ್ಲ.

"ಅಯ್ಯೋ, ಬಾಯಾರಿಕೆ ಪಾಪ. ಕುಡೀಲಿ," ಅಂತ ದಾಯುನ್ ಬಿಸಿನೀರು ಬೆರೆಸಿ ತಂದಳು. ಬಕೆಟ್ ಮೇಲೆ ಬಕೆಟ್. ಒಂದನ್ನು ನಾನೇ ಹಿಡಿದೆ.

ಮಧ್ಯಾಹ್ನ ಬೋರಿ ಉರುಳಿಬಿದ್ದಳು. ಡಾಕ್ಟರು ಬಂದು ನೋಡಿ, "ನೀರಿಲ್ದೆ ಒಣಗಿದ ಮೈ. ಗುಟುಕು ಗುಟುಕಾಗಿ ಕೊಡ್ಬೇಕಿತ್ತು. ಒಂದೇ ಸಲಕ್ಕೆ ಕೊಟ್ರೆ ಮಿದುಳು ಊದ್ಕೊಳತ್ತೆ. ಉಪ್ಪು ತಿಂದಿದ್ರಂತೂ ಮುಗೀತು," ಎಂದರು.

ಆಗಲೂ ನಾನು ಬಾಯಿ ಬಿಡಲಿಲ್ಲ. ಊರಿಗೆಲ್ಲ ಹರಟುವ ಬಾಯಿ.

ನ. 26

ಬೋರಿ ಹೋದಳು.

"ನಾನೇ ನೀರು ಕೊಟ್ಟು ಕೊಂದೆ, ಚಿಕ್ಕಮ್ಮ."

ದಾಯುನ್ ಬೆನ್ನು ಸವರಿದೆ. ಸವರುವುದು ಬಹಳ ಸುಲಭ.

ಡಿ. 7

ಹನ್ನೊಂದು ದಿನ ಹೋಗಲಿಲ್ಲ. ಸೊಂಟನೋವೆಂದು ಹೇಳಿಕಳಿಸಿದ್ದೆ. ಸೊಂಟ ಚೆನ್ನಾಗಿದೆ, ಅದಕ್ಕೂ ನಾಚಿಕೆ.

ಇವತ್ತು ಹೋದೆ. ಉಳಿದ ಆರು ಹಂದಿಗಳನ್ನು ಬೇರೆ ಧಾಮಕ್ಕೆ ಕಳಿಸಿ ಗೇಟು ಮುಚ್ಚುತ್ತಾಳಂತೆ ದಾಯುನ್.

"ತೊಟ್ಟೀಲಿ ನೀರಿದ್ಯಾ ನೋಡಕ್ಕೂ ಬರದೋಳು ನಾನು. ಜೀವ ಸಾಕೋಕೆ ಲಾಯಕ್ಕಿಲ್ಲ." ಆಮೇಲೆ, ನನ್ನನ್ನೇ ಸಮಾಧಾನ ಮಾಡುವವಳಂತೆ – "ಈ ಸಲ ಕಿಮ್ಚಿ ತರಲೇ ಇಲ್ವಲ್ಲ, ಚಿಕ್ಕಮ್ಮ?"

"ಹುಳಿಯಾಗಿದೆ," ಎಂದು ಬಸ್ಸು ಹಿಡಿದೆ.

ಹಂದಿಗಳನ್ನು ಒಯ್ಯುವ ಲಾರಿ ನಾಳೆ ಒಂಬತ್ತಕ್ಕೆ. ಮೊದಲ ಬಸ್ಸು ಏಳಕ್ಕೆ. ಬಾಯಿಗೆ ನಂಬಿಕೆಯಿಲ್ಲ, ಇಲ್ಲಿ ಬರೆದು ಅಭ್ಯಾಸ ಮಾಡುತ್ತೇನೆ –

ದಾಯುನ್, ಕೂತ್ಕೋ ತಾಯಿ. ಆ ಭಾನುವಾರ ನೀನು ಊರಲ್ಲಿ ಇಲ್ದಾಗ ನಾನು ಎರಡು ಬಕೆಟ್ ಉಪ್ಪಿನೆಲೆ…