ಕೊನೆ ಬೆಂಚಿನ ದೇವದೂತ

ಮಾರ್ಚ್ 3, ಭಾನುವಾರ, ಮಧ್ಯಾಹ್ನ

ಎರಡು ಪ್ಯಾಂಟಿನ ಮಡಿಕೆ ಬಿಚ್ಚುವುದು ಬಾಕಿ. ಒಂದು ಜಿಪ್. ನಾಳೆ ನೋಡೋಣ.

ಇವತ್ತು ನಮ್ಮ ಚರ್ಚ್ ಸಭೆಯ ವಾರ್ಷಿಕೋತ್ಸವ. ಎಂದಿನಂತೆ ನನ್ನ ಸಾಕ್ಷಿ, ದೇವರು ನನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು. ಪಾಸ್ಟರ್ ಕರೆಯುವ ಮೊದಲೇ ಎಲ್ಲರೂ ನನ್ನತ್ತ ತಿರುಗಿದರು. ಐದು ವರ್ಷದ ಮಗಳಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದದ್ದು, ಬಸ್ಸಿಲ್ಲದೆ ರಸ್ತೆಯಲ್ಲಿ ಕೂಗಿಕೊಂಡದ್ದು, ಬಿಳಿ ಕಾರು, ಬಿಳಿ ಅಂಗಿಯವನು... ಆಸ್ಪತ್ರೆ ಮೆಟ್ಟಿಲು ಹತ್ತಿ ತಿರುಗಿದರೆ ಕಾರೂ ಇಲ್ಲ, ಆತನೂ ಇಲ್ಲ. ‘ಸ್ತೋತ್ರ, ಸ್ತೋತ್ರ’ ಅಂತ ಎಲ್ಲರದೂ ಒಂದೇ ದನಿ. ಇಪ್ಪತ್ತೆರಡು ವರ್ಷವಾದರೂ ನನ್ನ ದೇವದೂತನಿಗೆ ಮುಪ್ಪಿಲ್ಲ.

ಒಬ್ಬ ಮಾತ್ರ ಬಾಯಿ ಬಿಡಲಿಲ್ಲ. ಹೊಸಬ. ಕೊನೆ ಬೆಂಚು, ಬಾಗಿಲ ಪಕ್ಕ. ಅರವತ್ತು ದಾಟಿದೆ. ನುಂಗಿಬಿಡುವ ಹಾಗೆ ನೋಡುತ್ತಿದ್ದ. ಯಾರಿವನು? ನಮ್ಮ ಜನರನ್ನು ಎಳೆದುಕೊಳ್ಳಲು ಬೇರೆ ಸಭೆಯವರು ಕಳಿಸಿದ್ದಾರೋ?

ಮಗಳು, “ಎಲ್ಲರ ಮೇಲೂ ನಿಂಗೆ ಅನುಮಾನಾನೇ ಅಮ್ಮ” ಅಂದಳು. ಅನುಮಾನ ಇಲ್ಲದೆ, ಗಂಡ ಇಲ್ಲದೆ, ಹೊಲಿಗೆ ಅಂಗಡಿ ನಡೆಸಿ ನೋಡಲಿ. ಆಗ ಗೊತ್ತಾಗುತ್ತೆ.

ಮಾರ್ಚ್ 10, ಭಾನುವಾರ

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಬಾಗಿಲಲ್ಲಿ ಹಾಡಿನ ಪುಸ್ತಕ ಕೊಡುವ ಸರದಿ ನನ್ನದು. ಕೊನೆ ಬೆಂಚಿನವನು ಎಡಗೈ ಚಾಚಿದ. ಕಿರುಬೆರಳು ಅರ್ಧ ಇಲ್ಲ.

ಅವನೇ.

ಇದನ್ನು ಓದುವವರು ಯಾರೂ ಇಲ್ಲ, ಬರೆದೇ ಬಿಡುತ್ತೇನೆ. ಬಿಳಿ ಕಾರು ಇರಲಿಲ್ಲ. ಬ್ರೆಡ್ ಹಂಚುವ ಹಳದಿ ವ್ಯಾನು. ಸ್ಟೀರಿಂಗ್ ಮೇಲೆ ಆ ಅರ್ಧ ಬೆರಳನ್ನೇ ದಾರಿಯುದ್ದಕ್ಕೂ ನೋಡಿದ್ದೆ. ಅವನು ಮಾಯವೂ ಆಗಲಿಲ್ಲ. ಮಗು ಹೇಗಿದೆ ಅಂತ ಕೇಳುತ್ತ ಆಸ್ಪತ್ರೆ ಗೇಟಿನಲ್ಲಿ ನಿಂತೇ ಇದ್ದ. ಅವಳಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಯಾರದೋ ವ್ಯಾನಿನಿಂದ ಇಳಿದಳು ಅಂತ ಜನ ಆಡಿಕೊಂಡರೆ? ಯಾರದೋ ಮಗುವಿನ ಮೇಲೆ ಇವನಿಗೇಕೆ ಇಷ್ಟು ಕಾಳಜಿ, ಏನು ಬೇಕು ಇವನಿಗೆ? ವಾಚ್‌ಮನ್‌ಗೆ ಹೇಳಿದೆ — ಯಾರೋ ಗೊತ್ತಿಲ್ಲ, ನನ್ನ ಹಿಂದೆ ಬಿದ್ದಿದ್ದಾನೆ, ಓಡಿಸಿ. ಕುತ್ತಿಗೆ ಹಿಡಿದು ನೂಕಿದರು. ಕಿಟಕಿಯಿಂದ ನೋಡಿದೆ.

ಆಮೇಲೆ ಸಭೆಯಲ್ಲಿ ‘ಯಾರೋ ಕರೆದುಕೊಂಡು ಹೋದರು’ ಅಂದೆ, ಅಷ್ಟೆ. ಆಗಿನ ಪಾಸ್ಟರ್ “ಯಾರೋ ಅಲ್ಲಮ್ಮ, ದೇವದೂತ!” ಅಂದರು. ನಾನು ಅಲ್ಲ ಅನ್ನಲಿಲ್ಲ. ವರ್ಷ ವರ್ಷ ಹೇಳುತ್ತ ಹೇಳುತ್ತ ವ್ಯಾನು ಕಾರಾಯಿತು, ಹಳದಿ ಬಿಳಿಯಾಯಿತು. ಮಗಳು ಅದನ್ನು ಕೇಳುತ್ತಲೇ ಬೆಳೆದಳು. ಈಗ ಸಂಡೇ ಸ್ಕೂಲ್ ಮಕ್ಕಳಿಗೂ ಹೇಳುತ್ತಾಳೆ, “ದೇವರು ನನಗೋಸ್ಕರಾನೇ ಒಬ್ಬರನ್ನ ಕಳ್ಸಿದ್ರು” ಅಂತ.

ಇವನು ಬಾಯಿ ಬಿಟ್ಟರೆ ಅವಳಿಗೆ ನಾನು ಹೇಗೆ ಮುಖ ತೋರಿಸಲಿ?

ಮಾರ್ಚ್ 12, ಮಂಗಳವಾರ

ಪಾಸ್ಟರ್ ಅಂಗಡಿಗೆ ಬಂದಿದ್ದರು. “ಅಕ್ಕಾ, ನಮ್ಮ ಹೊಸ ಅಣ್ಣ ಇದ್ದಾರಲ್ಲ, ಇಪ್ಪತ್ನಾಲ್ಕಕ್ಕೆ ಸಾಕ್ಷಿ ಹೇಳ್ತಾರೆ. ನಿಮ್ಮ ಸಾಕ್ಷಿ ಕೇಳಿದ್ಮೇಲೆ ತಾವೂ ಹೇಳ್ಬೇಕು ಅನ್ನಿಸ್ತಂತೆ!”

ನನ್ನ ಸಾಕ್ಷಿ ಕೇಳಿದ ಮೇಲೆ. ಕತ್ತರಿ ಕೆಳಗಿಟ್ಟೆ. “ಗುರುತು ಪರಿಚಯ ಇಲ್ಲದವರ ಕೈಗೆ ಮೈಕ್ ಕೊಡಬೇಡಿ ಪಾಸ್ಟರ್. ಹೆಣ್ಮಕ್ಕಳಿರೋ ಸಭೆ” ಅಂದೆ. ಹೌದು, ಅಂದೆ. ನಾಲಿಗೆಗೆ ಮೂಳೆ ಇದೆಯೇ?

“ನಾವೆಲ್ಲ ಹಾಗೇ ಬಂದವರಲ್ವೇನಕ್ಕಾ?” ಅಂದು ನಕ್ಕರು. ಬರೀ ನಗುವೋ, ಅವರಿಗೂ ವಿಷಯ ಗೊತ್ತೋ?

ಮಾರ್ಚ್ 17, ಭಾನುವಾರ

ಇವತ್ತು ಅವನು ಮಗಳ ಪಕ್ಕದಲ್ಲೇ ಕೂತ! ಒಂದೇ ಪುಸ್ತಕ ನೋಡಿ ಹಾಡಿದರು. ಏನೋ ಪಿಸುಗುಟ್ಟಿದ, ಅವಳು ನಕ್ಕಳು. ದಾರಿಯಲ್ಲಿ ಹಿಡಿದು ಕೇಳಿದೆ.

“ಏನಂದ?”

“ಧ್ವನಿ ಚೆನ್ನಾಗಿದೆ ಮಗಳೇ ಅಂದ್ರು.”

“ಅಷ್ಟೇನಾ?”

“ನೀನು ಪೊಲೀಸಿಗೆ ಸೇರ್ಬೇಕಿತ್ತು ಕಣಮ್ಮ.”

ಮಗಳೇ ಅಂತೆ. ಮೊದಲು ಅವಳನ್ನು ಬುಟ್ಟಿಗೆ ಹಾಕಿಕೊಂಡು ಆಮೇಲೆ ನನ್ನ ಮಾನ ಕಳೆಯುವ ಹಂಚಿಕೆ.

ಮಾರ್ಚ್ 21, ಗುರುವಾರ, ಸಂಜೆ

ಕೊನೆ ಬೆಂಚಿನವರು ಅಂಗಡಿಗೇ ಬಂದರು. ಕೈಯಲ್ಲಿ ಹಳೇ ಕೋಟು.

“ಭಾವಂದು. ತೋಳು ಉದ್ದ ಆಗತ್ತೆ ಮೇಡಂ. ಭಾನುವಾರ ಎಲ್ಲರ ಮುಂದೆ ನಿಲ್ಬೇಕಲ್ಲ, ಸ್ವಲ್ಪ ಮನುಷ್ಯನ ಥರ ಕಾಣೋ ಹಾಗೆ ಮಾಡ್ಕೊಡಿ.”

ಕನ್ನಡಿ ಮುಂದೆ ನಿಲ್ಲಿಸಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತೋಳು ಮಡಿಸತೊಡಗಿದೆ. ನಾನು ಕೇಳದಿದ್ದರೂ ಹೇಳತೊಡಗಿದರು.

“ಬ್ರೆಡ್ ವ್ಯಾನ್ ಓಡಿಸ್ತಿದ್ದೆ. ಒಂದಿನ ರಸ್ತೆ ಮಧ್ಯೆ ಒಬ್ಬ ಹೆಣ್ಮಗಳು, ಕೈಯಲ್ಲಿ ಮಗು. ಮೈಯೆಲ್ಲ ಸೆಟೆದುಕೊಂಡಿತ್ತು. ಆಸ್ಪತ್ರೆಗೆ ಬಿಟ್ಟೆ. ಬ್ರೆಡ್ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ ಅಂತ ಕೆಲಸಾನೂ ಹೋಯ್ತು. ಅದು ಹೋಗ್ಲಿ. ಮಗು ಉಳೀತೋ ಇಲ್ವೋ, ಅದೇ ಗೊತ್ತಾಗ್ಲಿಲ್ಲ. ಒಳಗೆ ಬಿಡ್ಲಿಲ್ಲ ನನ್ನ. ಪಾಪ, ಆ ತಾಯಿಗೂ ಏನು ಭಯ ಇತ್ತೋ. ನನಗೆ ಆಗ ದೇವರು ದಿಂಡರು ಏನೂ ಇರಲಿಲ್ಲ ಮೇಡಂ. ಅವತ್ತು ಮನೆಗೆ ಹೋಗಿ ಮೊದಲನೇ ಸಲ ಮಂಡಿಯೂರಿದೆ. ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಿಲ್ಲ. ಯಾರಾದ್ರೂ ಇದ್ರೆ ಆ ಮಗೂನ ಉಳಿಸಪ್ಪಾ ಅಂದೆ. ಇವತ್ತಿಗೂ ದಿನಾ ಅದನ್ನೇ ಕೇಳ್ತೀನಿ.”

ಸೂಜಿ ಬಾಯಿಂದ ತೆಗೆದೆ. “ಈ ಸಭೆಗೇ ಯಾಕೆ ಬಂದ್ರಿ?”

“ಅಕ್ಕ ಭಾವ ಇಲ್ಲೇ ಹಿಂದಿನ ಬೀದಿ. ಹತ್ತಿರ ಆಗತ್ತೆ.”

“ನನ್ನ ಸಾಕ್ಷಿ ಕೇಳಿದ್ರಲ್ಲ...”

“ಕೇಳ್ದೆ. ಒಂದು ಕ್ಷಣ ಆ ತಾಯಿ ನೀವೇ ಏನೋ ಅನ್ನಿಸ್ತು. ಆಮೇಲೆ ಬಿಳಿ ಕಾರು ಅಂದ್ರಿ. ಸಭೆ ಮುಂದೆ ನಿಂತು ಯಾರಾದ್ರೂ ಸುಳ್ಳು ಹೇಳ್ತಾರಾ? ಇವರು ಬೇರೆ ಅಂತ ಸುಮ್ಮನಾದೆ. ಹೊಟ್ಟೆಕಿಚ್ಚಾಯ್ತು ಮೇಡಂ. ದೇವದೂತನ ಕಾರಲ್ಲಿ ಹೋದ ಮಗು ಉಳೀತು. ನನ್ನ ವ್ಯಾನಲ್ಲಿ ಹೋಗಿದ್ದು...?”

ಏನೂ ಗೊತ್ತಿಲ್ಲ ಅವರಿಗೆ. ಸಂಚೂ ಇಲ್ಲ, ಹಂಚಿಕೆಯೂ ಇಲ್ಲ. ಆ ಮಗುವಿನ ಪಕ್ಕದಲ್ಲೇ ಕೂತು ಹಾಡಿದ್ದಾರೆ, ಅದೂ ಗೊತ್ತಿಲ್ಲ. ನನ್ನ ಸುಳ್ಳನ್ನು ನಂಬಿದ್ದಕ್ಕೆ ಗೊತ್ತಾಗಲಿಲ್ಲ.

ಹೇಳಲು ಬಾಯಿ ತೆರೆದೆ. ಬಂದ ಮಾತು — “ಶನಿವಾರ ಬಂದು ತಗೊಂಡು ಹೋಗಿ.”

ಥೂ, ನನ್ನ ಜನ್ಮಕ್ಕಿಷ್ಟು!

ಮಾರ್ಚ್ 24, ಭಾನುವಾರ, ಮಧ್ಯಾಹ್ನ 3

ಹೇಳಿದರು. ನನಗೆ ಹೇಳಿದ್ದೇ, ಅದಕ್ಕಿಂತ ಚಿಕ್ಕದಾಗಿ. ಆಸ್ಪತ್ರೆ ಗೇಟಿನ ವಿಷಯ ಎತ್ತಲೇ ಇಲ್ಲ. ಕೊನೆಗೆ, “ಆ ಮಗು ಎಲ್ಲಾದ್ರೂ ಇದ್ರೆ ಚೆನ್ನಾಗಿರ್ಲಿ. ನೀವೂ ಒಂದು ಸಲ ಪ್ರಾರ್ಥನೆ ಮಾಡಿ” ಅಂದರು.

ಯಾರು ಮಾಡ್ತೀರಿ ಅಂತ ಪಾಸ್ಟರ್ ಕೇಳಿದರು. ನನ್ನ ಮಗಳು ಎದ್ದಳು. ಕಣ್ಣು ಮುಚ್ಚಿದ್ದಳು, ನೀರು ಇಳಿಯುತ್ತಿತ್ತು. “ಆ ಮಗು ಬದುಕಿರಲಿ ಸ್ವಾಮಿ. ಇವರು ಅದನ್ನ ಒಂದು ಸಲ ಕಣ್ಣಾರೆ ನೋಡಲಿ.” ಎಲ್ಲರೂ ಆಮೆನ್ ಅಂದರು. ನಾನು ಹಾಡಿನ ಪುಸ್ತಕದ ರಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಮನೆಗೆ ಬರುವಾಗ ಕೇಳಿದಳು, “ಬದುಕಿರತ್ತೆ ಅಲ್ವಾ ಅಮ್ಮ?”

“ಬದುಕಿದೆ.”

“ನಿಂಗೆ ಹೇಗೆ ಗೊತ್ತು?”

ರಸ್ತೆಯಲ್ಲೇ ಹೇಳಿದೆ. ವ್ಯಾನು, ಗೇಟು, ವಾಚ್‌ಮನ್, ಎಲ್ಲ. ಕೂಗಾಡಲಿಲ್ಲ ಅವಳು. ಕೂಗಾಡಿದ್ದರೆ ವಾಸಿ ಇತ್ತು. “ಇಪ್ಪತ್ತೆರಡು ವರ್ಷ ಅಮ್ಮ. ದಿನಾ ಕೇಳ್ತಾ ಇದ್ರಲ್ಲಮ್ಮ ಅವರು” ಅಂದಳು. ಬಂದ ದಾರಿಯಲ್ಲೇ ತಿರುಗಿ ಹೋದಳು.

ಅದೇ ದಿನ, 4:30

ಇನ್ನೂ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಪಾಸ್ಟರ್ ಹತ್ತಿರ ಹೋದಳೋ? ಎಲ್ಲರಿಗೂ ಹೇಳುತ್ತಿದ್ದಾಳೋ? ನೋಡು, ಹೆತ್ತ ಮಗಳ ಮೇಲೂ ಶುರುವಾಯಿತು.

ಮೆಟ್ಟಿಲ ಮೇಲೆ ಹೆಜ್ಜೆ. ಒಬ್ಬರದಲ್ಲ. ಗಂಡಸಿನ ಕೆಮ್ಮು.

ಮಗಳು ಹೊರಗಿನಿಂದಲೇ ಕರೆಯುತ್ತಿದ್ದಾಳೆ. “ಅಮ್ಮಾ, ಬಾಗಿಲು ತೆಗಿ. ಇವರನ್ನ ಕರ್ಕೊಂಡು ಬಂದಿದೀನಿ. ನಾನೇನೂ ಹೇಳಿಲ್ಲ. ನೀನೇ ಹೇಳ್ಬೇಕು.”

ಎಲ್ಲಿಂದ ಶುರು ಮಾಡಲಿ? ಬನ್ನಿ ಅನ್ನಲೇ, ತಪ್ಪಾಯಿತು ಅನ್ನಲೇ... ಇಲ್ಲ, ಮೊದಲು ಅದನ್ನು ಹೇಳಬೇಕು, ಮಿಕ್ಕಿದ್ದೆಲ್ಲ ಆಮೇಲೆ — ಉಳೀತು ಅಣ್ಣ, ಮಗು ಉಳೀತು, ನೋಡಿ, ಇವಳೇ