ಸೊಸೆ ತಂದ ಸಮುದ್ರ

ಓಂ ಅವಿಘ್ನಮಸ್ತು.

ಸಿದೆಮೆನ್, ಬಾಲಿ
ಶಕವರ್ಷ ೧೯೪೬, ಹತ್ತನೆಯ ಮಾಸದ ಶುಕ್ಲ ಬಿದಿಗೆ. ನ್ಯೆಪಿ ಮೌನವ್ರತದ ಮರುದಿನ, ಪ್ರಾತಃಕಾಲ

ಚಿರಂಜೀವಿ ಗೆದೆಗೆ ನಿನ್ನ ತಂದೆಯ ಆಶೀರ್ವಾದಗಳು.

ಹಡಗಿನ ಅಡುಗೆಮನೆಯ ಬೇಗೆಯಲ್ಲಿ ನಿನ್ನ ಬೆನ್ನುನೋವು ಮತ್ತೆ ಕೆರಳಿಲ್ಲವಷ್ಟೆ? ಮಲಗುವ ಕೋಣೆಯಲ್ಲಿ ಊದುಬತ್ತಿ ಹಚ್ಚಲು ಬಿಡುವುದಿಲ್ಲವೆಂದು ಬರೆದಿದ್ದೆ. ಹೂವನ್ನಾದರೂ ಇಡು, ಹೂವೂ ದೊರೆಯದಿದ್ದರೆ ಕೈಜೋಡಿಸು. ದೇವತೆಗಳು ಹಡಗಿನ ಕಟ್ಟಳೆಗಳನ್ನು ಅರಿಯದವರಲ್ಲ. ನಿನ್ನ ತಾಯಿ ಕ್ಷೇಮ. ನನ್ನ ಮೊಣಕಾಲು ಮಾತ್ರ ದೇಗುಲದ ಮೆಟ್ಟಿಲು ಕಂಡರೆ ಮುನಿಯುತ್ತದೆ. ಈಗಿನ ಕರಾರು ಮುಗಿದೊಡನೆ ಮತ್ತೊಂದಕ್ಕೆ ಸಹಿ ಹಾಕುವ ವಿಚಾರದಲ್ಲಿರುವೆಯಂತೆ. ಅದಕ್ಕೆ ಮುನ್ನ ನೀನು ತಿಳಿಯಲೇಬೇಕಾದ ಸಂಗತಿಯೊಂದಿದೆ.

ನಿನ್ನ ಪತ್ನಿ ಸೆಕರಿನಿ ಸಮುದ್ರವನ್ನು ಮನೆಗೆ ತಂದಿದ್ದಾಳೆ. ಗಾಜಿನ ತೊಟ್ಟಿಯೊಂದರಲ್ಲಿ ಹವಳದ ಜೀವಗಳನ್ನು ಸಾಕುವಳಂತೆ. ಪೆನಿದಾ ದ್ವೀಪದ ಕಡಲಪಾಚಿ ಬೆಳೆಗಾರರ ಮಗಳು, ಕಡಲಿನ ಹಂಬಲ ಸಹಜವೆಂದುಕೊಂಡೆ. ತೊಟ್ಟಿಯನ್ನು ದೇವತೆಗಳಿಗೆ ಮೀಸಲಾದ ಪರ್ವತದ ದಿಕ್ಕಿನಲ್ಲಿರಿಸದೆ ಮನೆಯ ಕಡಲ ದಿಕ್ಕಿನ ಜಗುಲಿಯಲ್ಲೇ ಇರಿಸಿದ್ದಾಳೆ. ಅಷ್ಟರಮಟ್ಟಿಗೆ ಮರ್ಯಾದೆ ಉಳಿದಿದೆ. ಆದರೆ ಸಲಕರಣೆಗಳನ್ನು ಆರಿಸಿಕೊಡಲು ಸೆರಂಗನ್ ದ್ವೀಪದಿಂದ ಬರುವ ಲೊಂದ್ರನೆಂಬ ವ್ಯಾಪಾರಿಯ ವಿಷಯದಲ್ಲಿ ನನ್ನ ಮನಸ್ಸು ತಿಳಿಯಾಗಿಲ್ಲ. ವರುಣದೇವನು ಬೊಗಸೆ ತುಂಬಿ ಕೊಟ್ಟ ನೀರು ತೀರದಲ್ಲಿರುವಾಗ, ಈತ ಸಿಹಿನೀರನ್ನು ಯಂತ್ರದಲ್ಲಿ ಸೋಸಿ, ಚೀಲದ ಉಪ್ಪನ್ನು ಅಳೆದು ಬೆರೆಸಿ, ಇದೇ ಶುದ್ಧ ಸಮುದ್ರವೆನ್ನುತ್ತಾನೆ. ತೀರದ ನೀರಿನಲ್ಲಿ ಹೋಟೆಲುಗಳ ಕೊಳೆಯಿದೆಯಂತೆ. ಇಂಥವನನ್ನು ನಂಬುವುದು ಹೇಗೆ?

ಮೊದಲು ನೊರೆಯೆಬ್ಬಿಸಿ ಕೊಳೆ ತೆಗೆಯುವ ಯಂತ್ರ ತಂದ. ಬಳಿಕ ದೀಪ. ದೊಡ್ಡದನ್ನೇ ಕೊಡೆಂದು ಸೆಕರಿನಿ ಕೇಳಿದರೆ, "ಇಷ್ಟುದ್ದ ತೊಟ್ಟಿಗೆ ಅಷ್ಟೊಂದು ಬಿಸಿಲು ಯಾಕಕ್ಕಾ? ಹವಳ ಬೆಳ್ಳಗಾಗಿ ಸತ್ತೋಗುತ್ತೆ, ಆಮೇಲೆ ನನ್ನನ್ನ ಬೈತೀಯ" ಎಂದು ನಕ್ಕು ಚಿಕ್ಕದನ್ನು ಕೊಟ್ಟ. ಮಗನೇ, ಮಾರಲು ಬಂದವನು ಬೇಡವೆನ್ನುವುದನ್ನು ನಾನು ಈವರೆಗೆ ಕಂಡಿಲ್ಲ. ಅವನಿಗೆ ಲಾಭ ಬೇರೆಲ್ಲೋ ಇದೆಯೆಂದು ಅಂದೇ ನಿಶ್ಚಯಿಸಿದೆ. ಅಕ್ಕಾ ಎನ್ನುವ ಬಾಯಿ ಅಷ್ಟೇ ಅನ್ನುತ್ತದೆಂದು ಹೇಳುವವರಾರು? ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುವರು. ನನ್ನ ನೆರಳು ಕಂಡೊಡನೆ ಮಾತು ನಿಲ್ಲುವುದು. ಗಂಡ ದೂರವಿರುವ ಮನೆಗೆ ಪರಪುರುಷನು ಪದೇಪದೇ ಬಂದರೆ ನೆರೆಯವರು ಕಣ್ಣುಮುಚ್ಚಿ ಕೂರುವುದಿಲ್ಲ. ನಿನ್ನ ಸಂಸಾರ ನೀನಿಲ್ಲದಾಗ ಒಡೆದೀತೆಂಬುದೇ ನನ್ನ ಭಯ. ನಿನ್ನ ತಾಯಿಯೋ ಹಾಸ್ಯ ಮಾಡುತ್ತಾಳೆ: "ಜಪಮಾಲೆ ಕೈಯಲ್ಲಿದೆ, ಕಿವಿ ಜಗುಲೀಲಿದೆ. ದೇವರಿಗೆ ಯಾವುದು ಮುಟ್ಟುತ್ತೋ!"

ಕಡೆಗೆ ಅಲೆಯೆಬ್ಬಿಸುವ ಪಂಪಿನ ಆಯ್ಕೆ ಬಂತು. ಗೋಡೆಯ ಮರೆಯಲ್ಲಿ ನಿಂತು ಕೇಳಿದೆ. ಅವನು ತಂದದ್ದನ್ನೆಲ್ಲ ಇವಳು ತಿರಸ್ಕರಿಸಿದಳು. "ನ್ಯೆಪಿ ದಿನ ಇದು ಗೊರಗೊರ ಅಂದ್ರೆ ನಮ್ಮ ಬಾಪ ನನ್ನನ್ನೂ ತೊಟ್ಟಿನೂ ಒಟ್ಟಿಗೇ ಬೀದಿಗೆ ಹಾಕ್ತಾರೆ" ಎಂದು ಮಾವನಾದ ನನ್ನನ್ನು ಎಳೆದಳು. ಅದಕ್ಕವನು, "ದೀಪ ಒಂದಿನ ಆರಿಸಿದ್ರೆ ಏನಾಗಲ್ಲ. ನೀರು ನಿಂತ್ರೆ ಮಾತ್ರ ಕಷ್ಟ. ಸದ್ದಿಲ್ಲದ್ದೇ ತರ್ತೀನಿ ಬಿಡು. ಮೀನಿಗೂ ಮೌನವ್ರತ!" ಎಂದ.

ನಿನ್ನೆ ದ್ವೀಪವೆಲ್ಲ ಬೆಂಕಿಯಿಲ್ಲದೆ, ಬೆಳಕಿಲ್ಲದೆ, ಮಾತಿಲ್ಲದೆ ಇದ್ದಾಗ ಮಧ್ಯಾಹ್ನ ಹೋಗಿ ಗಾಜಿಗೆ ಕಿವಿಯಿಟ್ಟೆ. ನೀರು ಓಲಾಡುತ್ತಿತ್ತು, ಸದ್ದು ಕಿಂಚಿತ್ತೂ ಇರಲಿಲ್ಲ. ಉಸಿರಾಟವನ್ನು ಯಾವ ವ್ರತವೂ ನಿಷೇಧಿಸದೆಂದು ಸುಮ್ಮನಾದೆ. ಆದರೂ ಇಷ್ಟು ನಿಶ್ಶಬ್ದವಾದ ಯಂತ್ರವನ್ನು ಆರಿಸಿದ್ದು ನನ್ನ ವ್ರತಕ್ಕಾಗಿಯೋ, ಗುಟ್ಟಾಗಿ ನಡೆಯುವುದೆಲ್ಲ ಅವಳಿಗೆ ರೂಢಿಯಾಗಿರುವುದರಿಂದಲೋ? ನೀನೇ ಬಂದು ವಿಚಾರಿಸತಕ್ಕದ್ದು. ಊರಿಗೆ ರಜೆಯ ಮೇಲೆ ಬಂದಿರುವ ನಿನ್ನ ಜೊತೆಗಾರ ಸುವಿತ್ರ ಇಂದು ಹಡಗಿಗೆ ಮರಳುತ್ತಾನೆ. ಅವನ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ.

ಇತಿ,
ನಿನ್ನ ತಂದೆ
ನೆಂಗಾ ಸುದರ್ಸ

ಮರೆತ ಮಾತು: ಸುವಿತ್ರನ ಬೈಕು ಬಾಗಿಲಲ್ಲಿ ಗುಡುಗುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ವ್ರತದ ಮರುದಿನ ವಾಡಿಕೆಯಂತೆ ಕ್ಷಮೆ ಬೇಡಲು ಸೆಕರಿನಿ ಈಗಷ್ಟೇ ಬಂದಿದ್ದಳು. "ಬಾಪಾ, ನಿಮ್ಮಿಂದ ಒಂದು ವಿಷ್ಯ ಮುಚ್ಚಿಟ್ಟಿದ್ದೆ, ಹೊಟ್ಟೆಗೆ ಹಾಕ್ಕೊಳಿ. ಹವಳದ ತುಂಡು ಬೆಳೆಸಿಕೊಟ್ರೆ ಲೊಂದ್ರ ಕೊಂಡ್ಕೊತಾನಂತೆ. ಈ ತೊಟ್ಟಿ ಉಳಿದ್ರೆ ಇನ್ನಷ್ಟು ಇಡೋಣ. ಅವರು ಮತ್ತೆ ಹಡಗು ಹತ್ತಬಾರದು ಬಾಪಾ. ಆದ್ರೆ ಈಗ್ಲೇ ಅವರಿಗೆ ಹೇಳ್ಬೇಡಿ. ಹವಳ ಸತ್ತೋದ್ರೆ ಅವರಾಸೆನೂ ಸಾಯುತ್ತೆ" ಎಂದಳು. ನಾನು ಹೂಂ ಎನ್ನಲಿಲ್ಲ, ತಲೆ ನೇವರಿಸಿದೆನಷ್ಟೆ. ಆದ್ದರಿಂದ ಹೇಳುತ್ತಿದ್ದೇನೆ: ಹೊಸ ಕರಾರಿಗೆ ಸಹಿ ಹಾಕಬೇಡ. ಮೇಲಿನದನ್ನು ಹರಿದುಹಾಕುವುದೂ ಇಲ್ಲ. ನೀನಿಲ್ಲದ ಮನೆಯಲ್ಲಿ ಏನೇನು ಬೆಳೆಯುವುದೆಂದು ನೀನು ಓದಬೇಕು. ಹವಳ ಉಳಿಯಲಿ ಬಿಡಲಿ, ನೀನು ಬಾ. ನಿನಗೂ, ಸೆಕರಿನಿಗೂ, ಆ ಲೊಂದ್ರನಿಗೂ, ಬೆಳಗಿನಲ್ಲಿ ಗಾಜಿನಾಚೆ ಬಾಯ್ದೆರೆಯುವ ಸಣ್ಣ ಜೀವಗಳಿಗೂ ಮಂಗಳವಾಗಲಿ. ಓಂ ಶಾಂತಿಃ ಶಾಂತಿಃ ಶಾಂತಿಃ.