ಎದ್ದು ನಿಲ್ಲುವ ಕುರಿ

ಮೈಲೂರ, ಬೀದರ
೧೮-೧೧-೨೦೨೫

ಚಿ. ಸೌ. ಮಾಯಾಳಿಗೆ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಅವ್ವನ ಮಣ್ಣು ಮುಗಿಸಿ ನೀನು ಹೈದರಾಬಾದಿಗೆ ಹೋದ ಮೇಲೆ ಬರೆಯುತ್ತಿರುವ ಮೊದಲ ಪತ್ರ. ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಗಳು ಬಾಗಿಲ ಮರೆಯಲ್ಲೇ ಇರುತ್ತಾಳೆ. ನಿನಗೆ ಆಸ್ಪತ್ರೆಯ ಹಗಲು ಪಾಳಿ ಸಿಗುವವರೆಗೆ ಕಾಜಲ ಇಲ್ಲೇ ಇರಲಿ. ರೊಟ್ಟಿ ತಿನ್ನುತ್ತಾಳೆ, ಶಾಲೆಗೂ ಹೋಗುತ್ತಾಳೆ.

ಸುದ್ದಿಯೆಂದರೆ, ಟೀವಿಯ ಕಾರ್ಟೂನಿಗೆ ಬರೆಯುವುದನ್ನು ಬಿಟ್ಟೆ. ಕುರಿ ಕಾಯುವವರ ಮಗ ಕುರಿಯ ಮಾತು ಬರೆದೇ ಇಷ್ಟು ವರ್ಷ ಹೊಟ್ಟೆ ಹೊರೆದ, ಸಾಕು.

ನಾವು ಭಾಲ್ಕಿಯ ಶಾಲೆಗಳಲ್ಲಿ ನಾಟಕ ಆಡುತ್ತಿದ್ದಾಗ, ತೋಳ ಕುರಿಯನ್ನು ಕೊಂದದ್ದು ನೋಡಿ ಒಂದು ಮಗು ಜ್ವರ ಬಂದು ಮಲಗಿತ್ತು. ಅಂದಿನಿಂದ ನಿನ್ನ ಅವ್ವನದು ಕಟ್ಟಪ್ಪಣೆ: ಸತ್ತವರು ಪರದೆ ಬೀಳುವ ಮುಂಚೆ ಎದ್ದು ಬಂದು ಮಕ್ಕಳಿಗೆ ಮುಖ ತೋರಿಸಬೇಕು. "ನಾ ಸತ್ತಿಲ್ಲರೆಪ್ಪೋ, ನೋಡ್ರಿ!" ಎಂದು ಅವಳೇ, ನನ್ನ ದಾನಮ್ಮ, ಕುರಿಯ ಮುಖವಾಡ ತೆಗೆದರೆ ಔರಾದದ ಮಕ್ಕಳು ಬೆಂಚು ಹತ್ತಿ ಕುಣಿಯುತ್ತಿದ್ದರು. ಟೀವಿಗೆ ಬರೆದಾಗಲೂ ನಾನು ಅದನ್ನು ಬಿಡಲಿಲ್ಲ. ಪ್ರತಿ ಕಥೆಯ ಕೊನೆಗೆ ಅವಳ ದನಿ, ಅದೇ ಮಾತು.

ಮೊನ್ನೆ ಕಾರ್ಟೂನ್ ಕಂಪನಿಯ ಅಶೋಕಕುಮಾರ ಬಂದಿದ್ದ. ಭಾಲ್ಕಿಯವನೇ, ಒಳ್ಳೆಯ ಹುಡುಗ. "ಸರ್, ಈಗ ಮಷೀನ್ ಬಂದದರಿ. ಅವ್ವಾವರ ಹಳಿ ರೆಕಾರ್ಡಿಂಗ್ ಹಾಕಿದ್ರ ಸಾಕು. ನೀವು ಬರೀರಿ, ಅದು ಅವರಂಗೇ ಮಾತಾಡ್ತದ" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ; ಇವರಲ್ಲಿ ಹೋದವರ ಮಾತೂ ತಿರುಗಿ ಬರುತ್ತದೆ.

ನಾನು ಬೇಡವೆನ್ನುವಷ್ಟರಲ್ಲಿ ಅವನು ಲ್ಯಾಪ್‌ಟಾಪಿನಲ್ಲಿ ಹಚ್ಚಿಯೇಬಿಟ್ಟ. "ನಾ ಸತ್ತಿಲ್ಲರೆಪ್ಪೋ, ನೋಡ್ರಿ!" ಅಜ್ಜಿಯ ದನಿ ಕೇಳಿ ಕಾಜಲ "ಆಯಿ ಎದ್ದಾಳ!" ಎಂದು ಒಳಗೋಡಿದಳು. ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ಮಂಚದ ಕೆಳಗೂ ಬಗ್ಗಿ ನೋಡಿದಳು.

"ಬಂದ್ ಮಾಡಪ್ಪ. ಆಕಿ ದನಿ ನಾ ಕೊಡಂಗಿಲ್ಲ" ಎಂದೆ.

"ಮಕ್ಕಳು ಕುರಿ ಎಲ್ಲಿ ಅಂತ ಕೇಳ್ತಾರರಿ."

"ನಮ್ಮ ಮನ್ಯಾಗೂ ಒಂದು ಕೂಸು ಕೇಳ್ತದ."

ಅವನು ಚಹಾ ಅರ್ಧಕ್ಕೆ ಬಿಟ್ಟು ಹೋದ. ಕುರಿ ಇಲ್ಲದಿದ್ದರೆ ಕಾರ್ಟೂನೂ ಇಲ್ಲ, ನನಗೆ ಬೇರೆ ಕಸುಬೂ ಬಾರದು. ದುಃಖವಾಗಿದೆ ಮಗಳೇ, ಆದರೆ ತಪ್ಪು ಮಾಡಿದೆ ಎನಿಸಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಅಮರನಾಥ

ತಾ.ಕ.: ಮಣ್ಣಿಗೆ ಒಯ್ಯುವ ಮುಂಚೆ ಅವ್ವನನ್ನು ಹೂವಿನ ನಡುವೆ ಕೂಡಿಸಿದಾಗ ಕಾಜಲ ನನ್ನ ಧೋತರ ಜಗ್ಗಿ, "ಆಯಿ ಯಾವಾಗ ಏಳ್ತಾಳ?" ಎಂದಿದ್ದಳು. ನೀನು ಅಳುತ್ತಿದ್ದೆ, ನಿನಗೆ ಕೇಳಿಸಲಿಲ್ಲ. ಇವತ್ತು ಅವಳಿಗೆ ಬಿಡಿಸಿ ಹೇಳಿದೆ: ಆಯಿ ಏಳುವುದಿಲ್ಲ, ಕುರಿ ಎದ್ದದ್ದು ನಾನು ಹಾಗೆ ಬರೆದದ್ದರಿಂದ. ಅವಳು ಎದ್ದು ಹೋಗಿ ನನ್ನ ಪೆನ್ನು ತಂದು ಕೈಗೆ ಕೊಟ್ಟಳು. "ಹಂಗಾದ್ರ ಆಯಿನೂ ಏಳಂಗ ಬರಿ, ಮುತ್ಯಾ. ಬರಿಯೋಂವ ನೀನೇ ಇದ್ದಿ." ಆ ಪೆನ್ನಿನಲ್ಲೇ ನಿನಗಿದನ್ನು ಬರೆಯುತ್ತಿದ್ದೇನೆ. ನಾನು ಬರೆಯುತ್ತಿರುವುದನ್ನು ಕಂಡು ಅವಳು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾಳೆ.